ನಿಂತ ಗಾಡಿಯ ಸತ್ತ ಬ್ಯಾಟರಿ

ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಎಟಿವಿಯ ಕೀಲಿ ತಿರುಗಿಸಿ ಸ್ಟಾರ್ಟರ್ ಗುಂಡಿ ಒತ್ತಿದಾಗ ಸಾಮಾನ್ಯವಾಗಿ ಮೂರರಲ್ಲಿ ಒಂದು ಆಗುತ್ತದೆ. ಎಂಜಿನ್ ಒಂದೆರಡು ಸುತ್ತು ತಿಣುಕಿ ನಿಲ್ಲುತ್ತದೆ. ಇಲ್ಲವೇ ಸೀಟಿನ ಕೆಳಗಿನಿಂದ ರಿಲೇಯ ಟಕಟಕ ಸದ್ದಷ್ಟೇ ಬರುತ್ತದೆ. ಅದೂ ಇಲ್ಲದಿದ್ದರೆ ಮೀಟರಿನ ದೀಪ ಕೂಡ ಹೊತ್ತುವುದಿಲ್ಲ. ಬಹುತೇಕ ಸಲ ಈ ಮೂರೂ ಒಂದೇ ಕಾಯಿಲೆಯ ಬೇರೆ ಬೇರೆ ಹಂತಗಳು: ಬ್ಯಾಟರಿ ಇಳಿದಿದೆ. ಆದರೆ ಇಳಿದ ಬ್ಯಾಟರಿ ಬೇರೆ, ಕೆಟ್ಟ ಬ್ಯಾಟರಿ ಬೇರೆ. ಇಳಿದದ್ದನ್ನು ಚಾರ್ಜ್ ಮಾಡಿ ಎಬ್ಬಿಸಬಹುದು, ಕೆಟ್ಟದ್ದನ್ನು ಎಬ್ಬಿಸಲಾಗದು. ಇಳಿದದ್ದು ಕೆಟ್ಟದ್ದಾಗಲು ಬೇಕಾದದ್ದು ಕಾಲ ಮಾತ್ರ. ಇಳಿದ ಸ್ಥಿತಿಯಲ್ಲಿ ಅದು ಎಷ್ಟು ದಿನ ಬಿದ್ದಿತ್ತು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ದಪ್ಪ ಟಯರುಗಳ, ಬೈಕಿನಂಥ ಹ್ಯಾಂಡಲ್ ಇರುವ ಈ ಗಾಡಿಯ ಚರಿತ್ರೆ ಹಳೆಯದೇನಲ್ಲ. ಹೋಂಡಾ ಕಂಪನಿ ಅಮೆರಿಕದ ಮಾರುಕಟ್ಟೆಗಾಗಿ 1970ರಲ್ಲಿ ಮೂರು ಚಕ್ರದ ಮಾದರಿಯನ್ನು ತಂದಿತು. 1980ರ ದಶಕದ ಆರಂಭದಲ್ಲಿ ಸುಜುಕಿ ನಾಲ್ಕು ಚಕ್ರದ್ದನ್ನು ತಂದಿತು. ಸುಲಭವಾಗಿ ಮಗುಚುತ್ತಿದ್ದ ಮೂರು ಚಕ್ರದ ಗಾಡಿಗಳ ಮಾರಾಟ ಅಮೆರಿಕದಲ್ಲಿ 1988ರ ನ್ಯಾಯಾಲಯ ಒಪ್ಪಂದದೊಂದಿಗೆ ನಿಂತುಹೋಯಿತು. ಅಮೆರಿಕ, ಕೆನಡಾಗಳಲ್ಲಿ ಹೊಲ, ಕಾಡು, ಬೇಟೆಯ ಹಾದಿಗಳಲ್ಲಿ ಓಡುವ ಎಟಿವಿ ಹಿಮ ಬಿದ್ದಾಗ ಶೆಡ್ಡು ಸೇರುತ್ತದೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಹೋಂಸ್ಟೇ, ರೆಸಾರ್ಟುಗಳಲ್ಲಿ ಪ್ರವಾಸಿಗರನ್ನು ಸುತ್ತಿಸುವ ಎಟಿವಿಗಳಿಗೆ ಮಳೆಗಾಲವೇ ರಜೆ. ಅಲ್ಲಿ ಚಳಿ, ಇಲ್ಲಿ ತೇವ. ಬ್ಯಾಟರಿಯ ಪಾಡು ಮಾತ್ರ ಎರಡೂ ಕಡೆ ಒಂದೇ.

ಗೇರಿರುವ ಬೈಕಾದರೆ ತಳ್ಳಿ ಸ್ಟಾರ್ಟ್ ಮಾಡಬಹುದು. ಇಂದಿನ ಬಹುಪಾಲು ಎಟಿವಿಗಳಲ್ಲಿ ಸ್ಕೂಟರಿನಂತೆ ಬೆಲ್ಟಿನ ಆಟೊಮ್ಯಾಟಿಕ್ ಗೇರು. ಎಂಜಿನ್ ಓಡುತ್ತಿದ್ದರೆ ಮಾತ್ರ ಚಕ್ರಕ್ಕೂ ಎಂಜಿನ್ನಿಗೂ ಹಿಡಿತ ಸಿಗುತ್ತದೆ, ಹಾಗಾಗಿ ಎಷ್ಟು ತಳ್ಳಿದರೂ ಪ್ರಯೋಜನವಿಲ್ಲ. ಹಳೆಯ ಮಾದರಿಗಳಲ್ಲಿದ್ದ ಎಳೆಯುವ ಹಗ್ಗವನ್ನು ಹೊಸವುಗಳಲ್ಲಿ ಹೆಚ್ಚಾಗಿ ಕೈಬಿಟ್ಟಿದ್ದಾರೆ. ಇಂಧನ ಚಿಮ್ಮಿಸುವ ಪಂಪಿಗೂ ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರಿಗೂ ಕರೆಂಟು ಬೇಕೇಬೇಕು. ಬ್ಯಾಟರಿ ಹೋದರೆ ಗಾಡಿಯೇ ಹೋದಂತೆ.

ಈ ಗಾಡಿಗಳಲ್ಲಿರುವುದು ಹೆಚ್ಚಾಗಿ 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ರೂಪಿಸಿದ ತತ್ತ್ವವೇ ಇಂದಿಗೂ ಅದರೊಳಗೆ ಕೆಲಸ ಮಾಡುತ್ತಿದೆ. ಒಳಗೆ ಆರು ಸೆಲ್‌ಗಳು, ಪ್ರತಿಯೊಂದರಿಂದ ಸುಮಾರು 2.1 ವೋಲ್ಟ್. ಪ್ರತಿ ಸೆಲ್‌ನಲ್ಲಿ ಸೀಸದ ಡೈಆಕ್ಸೈಡ್ ಮೆತ್ತಿದ ಪ್ಲಸ್ ಪ್ಲೇಟುಗಳು, ಸೀಸದ ಮೈನಸ್ ಪ್ಲೇಟುಗಳು, ನಡುವೆ ನೀರು ಬೆರೆಸಿದ ಗಂಧಕಾಮ್ಲ. ಕರೆಂಟು ಹೊರಹೋಗುವಾಗ ಆಮ್ಲದ ಸಲ್ಫೇಟು ಪ್ಲೇಟುಗಳಿಗೆ ಸೇರಿ ಅವುಗಳ ಮೈ ಸೀಸದ ಸಲ್ಫೇಟಾಗುತ್ತದೆ, ಉಳಿದ ದ್ರವ ನೀರುನೀರಾಗುತ್ತದೆ. ಚಾರ್ಜ್ ಮಾಡಿದಾಗ ಇದೇ ಕ್ರಿಯೆ ಹಿಂದುಮುಂದಾಗಿ ಆಮ್ಲ ಮತ್ತೆ ಗಟ್ಟಿಯಾಗುತ್ತದೆ.

ಗಾಡಿ ನಿಂತಲ್ಲೇ ನಿಂತಿದ್ದರೂ ಎರಡು ದಾರಿಗಳಿಂದ ಚಾರ್ಜು ಸೋರುತ್ತಿರುತ್ತದೆ. ಒಂದು, ಬ್ಯಾಟರಿಯೊಳಗಿನ ಸ್ವಂತ ಸೋರಿಕೆ. ಮುಚ್ಚಿದ ಮೈಯ ಎಜಿಎಂ ಬ್ಯಾಟರಿಯಲ್ಲಿ ಇದು ತಿಂಗಳಿಗೆ ಶೇಕಡಾ 3ರ ಒಳಗೆ. ನೀರು ಹಾಕುವ ಹಳೆಯ ಮಾದರಿಯಲ್ಲಿ ಅದಕ್ಕಿಂತ ಹೆಚ್ಚು. ಶೆಡ್ಡಿನ ಬಿಸಿ 10 ಡಿಗ್ರಿ ಏರಿದರೆ ಸೋರಿಕೆಯ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ, ಹಾಗಾಗಿ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ನಿಂತ ಗಾಡಿಗೆ ಈ ಲೆಕ್ಕ ಸಾಲದು. ಎರಡನೆಯ ದಾರಿ, ಕೀಲಿ ತೆಗೆದ ಮೇಲೂ ಗಡಿಯಾರ, ಅಲಾರಂ, ಕಂಪ್ಯೂಟರು ಹೀರುವ ಕರೆಂಟು. ನೋಡಲು ಇದು ಏನೂ ಅಲ್ಲ ಎನ್ನುವಷ್ಟು ಕಡಿಮೆ. ಆದರೆ 5 ಮಿಲಿಆಂಪಿಯರ್ ಎಂದುಕೊಂಡರೂ 30 ದಿನಕ್ಕೆ 3.6 ಆಂಪಿಯರ್-ಅವರ್ ಆಯಿತು. ಎಟಿವಿಗಳಲ್ಲಿ ಸಾಮಾನ್ಯವಾದ 12 ಆಂಪಿಯರ್-ಅವರ್ ಬ್ಯಾಟರಿ ಆ ಲೆಕ್ಕದಲ್ಲಿ ಮೂರು ತಿಂಗಳು ದಾಟುತ್ತಿದ್ದಂತೆ ಬರಿದು. ಸ್ಟಾರ್ಟರ್ ಮೋಟಾರಿಗೆ ಒಮ್ಮೆಲೇ ದೊಡ್ಡ ಕರೆಂಟು ಬೇಕಿರುವುದರಿಂದ ಗಾಡಿ ಸ್ಟಾರ್ಟ್ ಆಗದೆ ಹೋಗುವುದು ಅದಕ್ಕೂ ಎಷ್ಟೋ ಮೊದಲು. ಹೊರಗಿನಿಂದ ಜಿಪಿಎಸ್ ಸಾಧನವನ್ನೋ ಫೋನ್ ಚಾರ್ಜರನ್ನೋ ನೇರ ಬ್ಯಾಟರಿಗೆ ಕೊಟ್ಟಿದ್ದರೆ ಗಡುವು ಇನ್ನೂ ಹತ್ತಿರ.

ನಿಜವಾದ ಹಾನಿ ಶುರುವಾಗುವುದು ಇಳಿದ ಮೇಲೆ. ಹೊಸದಾಗಿ ಕೂತ ಸೀಸದ ಸಲ್ಫೇಟಿನ ಹರಳುಗಳು ತೀರಾ ನಯ, ಚಾರ್ಜರ್ ಹಾಕಿದರೆ ಬೇಗ ಕರಗುತ್ತವೆ. ವಾರಗಳು, ತಿಂಗಳುಗಳು ಉರುಳಿದಂತೆ ಸಣ್ಣ ಹರಳುಗಳು ಕೂಡಿ ದೊಡ್ಡವಾಗಿ ಗಟ್ಟಿಯಾಗುತ್ತವೆ. ಪುಡಿ ಸಕ್ಕರೆಗೂ ಕಲ್ಲುಸಕ್ಕರೆಗೂ ಇರುವ ವ್ಯತ್ಯಾಸ ಇಲ್ಲೂ ಇದೆ: ವಸ್ತು ಅದೇ, ಕರಗುವ ಗುಣ ಬೇರೆ. ಗಟ್ಟಿ ಹರಳು ಕೂತಷ್ಟು ಜಾಗ ಪ್ಲೇಟಿನಲ್ಲಿ ಕೆಲಸಕ್ಕೆ ಬಾರದೆ ಉಳಿಯುತ್ತದೆ, ಒಳಗಿನ ಪ್ರತಿರೋಧ ಏರುತ್ತದೆ. ಇಂಥ ಬ್ಯಾಟರಿ ಚಾರ್ಜರಿನಲ್ಲಿ ಬೇಗ ‘ತುಂಬಿದಂತೆ’ ಕಾಣಿಸಿ, ಸೆಲ್ಫ್ ಹೊಡೆದ ಕ್ಷಣ ಕುಸಿಯುತ್ತದೆ. ಶೀತದೇಶಗಳಲ್ಲಿ ಇನ್ನೊಂದು ಅಪಾಯವೂ ಉಂಟು. ತುಂಬಿದ ಬ್ಯಾಟರಿಯ ಆಮ್ಲ ಸೊನ್ನೆಗಿಂತ 50 ಡಿಗ್ರಿ ಕೆಳಗಿಳಿದರೂ ಹೆಪ್ಪುಗಟ್ಟದು. ಪೂರ್ತಿ ಇಳಿದದ್ದರ ನೀರಾದ ದ್ರವ 10 ಡಿಗ್ರಿ ಕೆಳಗಿನ ಆಸುಪಾಸಿನಲ್ಲೇ ಮಂಜುಗಡ್ಡೆಯಾಗಿ ಪ್ಲೇಟುಗಳನ್ನು ಬಾಗಿಸಿ ಡಬ್ಬಿಯನ್ನೇ ಸೀಳಬಹುದು.

ಬ್ಯಾಟರಿಯನ್ನು ದೂರುವ ಮೊದಲು ಗಾಡಿಯನ್ನು ಒಂದು ಸುತ್ತು ನೋಡಬೇಕು. ಹ್ಯಾಂಡಲಿನ ಕೆಂಪು ಕಿಲ್ ಸ್ವಿಚ್ ಯಾರೋ ಒತ್ತಿಟ್ಟಿರಬಹುದು. ಎಷ್ಟೋ ಮಾದರಿಗಳು ನ್ಯೂಟ್ರಲ್‌ನಲ್ಲಿದ್ದು ಬ್ರೇಕ್ ಹಿಡಿಯದಿದ್ದರೆ ಸ್ಟಾರ್ಟ್ ಆಗುವುದೇ ಇಲ್ಲ. ಫ್ಯೂಸ್ ಹೋಗಿರಬಹುದು; ತೋಟದ ಶೆಡ್ಡಿನಲ್ಲಿ ಇಲಿ ವೈರು ಕಡಿದಿರಬಹುದು. ಟರ್ಮಿನಲ್ ಮೇಲೆ ಬಿಳಿ ಅಥವಾ ನೀಲಿ-ಹಸಿರು ಪುಡಿ ಕಟ್ಟಿದ್ದರೆ ಒಳ್ಳೆಯ ಬ್ಯಾಟರಿಯೂ ಸತ್ತಂತೆ ನಟಿಸುತ್ತದೆ. ಅಡುಗೆ ಸೋಡಾ ಕದಡಿದ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಉಜ್ಜಿ, ಒರೆಸಿ, ಒಣಗಿಸಿ, ನಟ್ಟು ಬಿಗಿ ಮಾಡಿದರೆ ಕೆಲವೊಮ್ಮೆ ಕತೆ ಅಲ್ಲಿಗೇ ಮುಗಿಯುತ್ತದೆ. ಸೋಡಾ ನೀರು ಮಾತ್ರ ಸೆಲ್‌ನೊಳಗೆ ಇಳಿಯಬಾರದು.

ಮುಂದಿನ ಹೆಜ್ಜೆ ಮಲ್ಟಿಮೀಟರ್. ಕೆಲವು ನೂರು ರೂಪಾಯಿಯ ಸಾದಾ ಮೀಟರ್ ಸಾಕು. 20 ವೋಲ್ಟ್ ಡಿಸಿಗೆ ತಿರುಗಿಸಿ ಎರಡು ಮೊನೆಗಳನ್ನು ಎರಡು ಟರ್ಮಿನಲ್‌ಗೆ ಮುಟ್ಟಿಸಿದರೆ ಬ್ಯಾಟರಿಯ ಅರ್ಧ ಜಾತಕ ಕೈಗೆ ಬರುತ್ತದೆ. ಸುಮಾರು ಹೊತ್ತು ಸುಮ್ಮನಿದ್ದ ಬ್ಯಾಟರಿ 12.6ರಿಂದ 12.8 ತೋರಿಸಿದರೆ ತುಂಬಿದೆ ಎಂದು ಅರ್ಥ, ತೊಂದರೆ ಬೇರೆಲ್ಲೋ ಇದೆ. 12.4 ಎಂದರೆ ಮುಕ್ಕಾಲು, 12.2 ಅರ್ಧ, 12 ಎಂದರೆ ಕಾಲುಭಾಗ, 11.8ಕ್ಕೆ ಇಳಿದದ್ದು ಬರಿದೇ. ನೋಡಲು ಒಂದು ವೋಲ್ಟಿನ ಅಂತರ, ಅದರೊಳಗೇ ಎಲ್ಲ ಮುಗಿದುಹೋಗಿರುತ್ತದೆ. 10.5ರ ಹತ್ತಿರ ನಿಂತಿದ್ದರೆ ಆರರಲ್ಲಿ ಒಂದು ಸೆಲ್ ಒಳಗೇ ಶಾರ್ಟ್ ಆಗಿರುವ ಶಂಕೆ ಮೂಡುತ್ತದೆ, ಚಾರ್ಜ್ ಮಾಡಿದ ಮೇಲೂ ಅಷ್ಟೇ ಇದ್ದರೆ ಶಂಕೆ ನಿಜವಾಗುತ್ತದೆ. ಎರಡು ಮೂರು ವೋಲ್ಟಿಗೆ ಬಿದ್ದದ್ದರ ಮೇಲೆ ಹೆಚ್ಚು ಆಸೆ ಇಡುವಂತಿಲ್ಲ. ಲೈಟ್ ಆರಿಸಲು ಮರೆತು ನಿನ್ನೆ ಮೊನ್ನೆ ಇಳಿದದ್ದಾದರೆ ಮಾತು ಬೇರೆ.

ಚಾರ್ಜ್ ಮಾಡಲು ಬ್ಯಾಟರಿಯನ್ನು ಗಾಡಿಯಿಂದ ಇಳಿಸುವುದು ಒಳ್ಳೆಯದು. ಕಳಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್. ಕೂರಿಸುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಗಾಡಿಯ ಕಬ್ಬಿಣದ ಮೈಯೆಲ್ಲ ಮೈನಸ್‌ಗೆ ಕೂಡಿಕೊಂಡಿರುತ್ತದೆ. ಮೈನಸ್ ಬಿಚ್ಚದೆ ಪ್ಲಸ್ ಸಡಿಲಿಸುವಾಗ ಸ್ಪ್ಯಾನರ್ ಚಾಸಿಗೆ ತಾಗಿದರೆ ಕಿಡಿ ಸಿಡಿದು ಸ್ಪ್ಯಾನರೇ ಕೆಂಪಾಗಬಹುದು. ಚಾರ್ಜಿನ ಕೊನೆಯಲ್ಲಿ ಹೈಡ್ರೋಜನ್ ಅನಿಲ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇಕಡಾ 4ರಷ್ಟು ಬೆರೆತರೂ ಕಿಡಿಗೆ ಸ್ಫೋಟಿಸಬಲ್ಲದು. ಕಿಟಕಿ ತೆರೆದಿರಲಿ, ಬೀಡಿ ಸಿಗರೇಟು ದೂರ ಇರಲಿ, ಕಣ್ಣಿಗೆ ಕನ್ನಡಕ ಇರಲಿ. ಆಸಿಡ್ ಮೈಗೆ ತಾಗಿದರೆ ಧಾರಾಳ ನೀರಿನಲ್ಲಿ ತೊಳೆಯಬೇಕು; ಕಣ್ಣಿಗೆ ಸಿಡಿದರೆ ಬಹಳ ಹೊತ್ತು ತೊಳೆದು ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಉಬ್ಬಿದ, ಬಿರುಕು ಬಿಟ್ಟ, ಹೆಪ್ಪುಗಟ್ಟಿದ ಬ್ಯಾಟರಿಗೆ ಚಾರ್ಜರ್ ಹಚ್ಚಲೇಬಾರದು.

ಮುಚ್ಚಳ ತೆರೆಯುವ ಮಾದರಿಯಾದರೆ ಪ್ಲೇಟುಗಳು ಮುಳುಗಿವೆಯೇ ನೋಡಬೇಕು. ಬರಿದಾಗಿದ್ದರೆ ಪ್ಲೇಟು ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ ಚಾರ್ಜಿಗಿಡಬೇಕು; ಮೇಲಿನ ಗೆರೆಯವರೆಗೆ ತುಂಬುವುದು ಚಾರ್ಜ್ ಮುಗಿದ ಮೇಲೆ, ಏಕೆಂದರೆ ಚಾರ್ಜಾದಂತೆ ದ್ರವದ ಮಟ್ಟ ಏರುತ್ತದೆ. ನಲ್ಲಿ ನೀರು, ಬೋರ್‌ವೆಲ್ ನೀರು ಬೇಡವೇ ಬೇಡ, ಅವುಗಳಲ್ಲಿನ ಲವಣ, ಕಬ್ಬಿಣದ ಅಂಶ ಪ್ಲೇಟಿಗೆ ವಿಷ. ಆವಿಯಾಗುವುದು ನೀರೇ ಹೊರತು ಆಮ್ಲವಲ್ಲ. ಕಡಿಮೆಯಾಯಿತೆಂದು ಆಸಿಡ್ ಸುರಿಯುವುದು ತಪ್ಪು. ಎಜಿಎಂ ಬ್ಯಾಟರಿಯ ಮೇಲಿನ ಪಟ್ಟಿಯನ್ನು ಸ್ಕ್ರೂಡ್ರೈವರ್ ಹಾಕಿ ಮೀಟಬಾರದು, ಅದು ತೆರೆಯಲು ಮಾಡಿದ್ದಲ್ಲ.

ಚಾರ್ಜಿನ ವೇಗಕ್ಕೆ ಸರಳ ಲೆಕ್ಕವಿದೆ: ಸಾಮರ್ಥ್ಯದ ಹತ್ತನೇ ಒಂದು ಭಾಗ. 12 ಆಂಪಿಯರ್-ಅವರ್ ಬ್ಯಾಟರಿಗೆ 1.2 ಆಂಪಿಯರ್. ಅಂದರೆ ಕನಿಷ್ಠ ಒಂದು ರಾತ್ರಿ ಹಿಡಿಯುವ ಕೆಲಸ. ಆಳವಾಗಿ ಇಳಿದದ್ದು ಮೊದಲ ಕೆಲವು ಗಂಟೆ ಕರೆಂಟನ್ನೇ ಎಳೆದುಕೊಳ್ಳದೆ, ಹರಳು ಸ್ವಲ್ಪ ಕರಗಿದ ಮೇಲೆ ತೆಗೆದುಕೊಳ್ಳಲು ಶುರುಮಾಡುವುದೂ ಉಂಟು. ಗಂಟೆಯೊಳಗೆ ಏರಿಲ್ಲವೆಂದು ಕೈಬಿಟ್ಟವರು ಒಳ್ಳೆಯ ಬ್ಯಾಟರಿಗಳನ್ನೂ ಗುಜರಿಗೆ ಹಾಕಿದ್ದಾರೆ. ಅವಸರಕ್ಕೆ ಕಾರಿನ 10 ಆಂಪಿಯರ್ ಚಾರ್ಜರ್ ಹಚ್ಚಿದರೆ ಪುಟ್ಟ ಬ್ಯಾಟರಿ ಕಾದು ಕುದಿದು ಪ್ಲೇಟು ಬಾಗುತ್ತದೆ. ಬ್ಯಾಟರಿ ಅಂಗಡಿಗಳಲ್ಲಿ ಹಲವನ್ನು ಸಾಲಾಗಿ ಜೋಡಿಸಿ ಒಂದೇ ಕರೆಂಟಿನಲ್ಲಿ ಚಾರ್ಜಿಗಿಡುವ ರೂಢಿಯಿದೆ; ಲಾರಿ ಬ್ಯಾಟರಿಯ ಪಕ್ಕ ಎಟಿವಿಯದ್ದು ಕೂತರೆ ಇದೇ ಗತಿ. ಬಿಡುವಾಗಲೇ ಚಿಕ್ಕ ಕರೆಂಟಿನಲ್ಲಿಡಲು ಹೇಳಬೇಕು. ಡಬ್ಬಿ ಮುಟ್ಟಲಾರದಷ್ಟು ಬಿಸಿಯಾದರೆ ಚಾರ್ಜ್ ನಿಲ್ಲಿಸಬೇಕು. ಸೀಸದ ಬ್ಯಾಟರಿಗೆ ಚಾರ್ಜಿನ ವೋಲ್ಟೇಜು ಸಾಮಾನ್ಯವಾಗಿ 14.4ರ ಆಸುಪಾಸು, ನಿಖರ ಮಿತಿ ಬ್ಯಾಟರಿಯ ಮೈಮೇಲೇ ಅಚ್ಚಾಗಿರುತ್ತದೆ.

ಇಂದಿನ ಸ್ಮಾರ್ಟ್ ಚಾರ್ಜರುಗಳ ಜಾಣತನವೇ ಇಲ್ಲೊಮ್ಮೆ ಅಡ್ಡಬರುತ್ತದೆ. ವೋಲ್ಟೇಜು ತೀರಾ ಕೆಳಗಿದ್ದರೆ ಅವು ಎದುರಿಗೆ ಬ್ಯಾಟರಿ ಇದೆಯೆಂದೇ ಒಪ್ಪದೆ ಕೆಂಪು ದೀಪ ತೋರಿಸುತ್ತವೆ. ಮೆಕ್ಯಾನಿಕ್‌ಗಳು ಇದಕ್ಕೊಂದು ಉಪಾಯ ಮಾಡುತ್ತಾರೆ: ಚೆನ್ನಾಗಿರುವ ಇನ್ನೊಂದು 12 ವೋಲ್ಟ್ ಬ್ಯಾಟರಿಯನ್ನು ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಜೋಡಿಸಿ ಚಾರ್ಜರ್ ಹಚ್ಚುವುದು. ಒಳ್ಳೆಯದರ ವೋಲ್ಟೇಜು ನೋಡಿ ಚಾರ್ಜರ್ ಕೆಲಸ ಶುರುಮಾಡುತ್ತದೆ. ಸತ್ತದ್ದು ಸ್ವಲ್ಪ ಮೇಲೆದ್ದ ಮೇಲೆ ಒಳ್ಳೆಯದನ್ನು ಬಿಡಿಸಬೇಕು. ಪಕ್ಕದಲ್ಲೇ ಇದ್ದು ಬಿಸಿ ನೋಡುತ್ತಾ ಮಾಡುವ ಕೆಲಸವಿದು, ಹಚ್ಚಿ ಮಲಗುವಂಥದ್ದಲ್ಲ. ಹರಳು ಒಡೆಯುತ್ತೇವೆಂದು ಹೇಳಿಕೊಳ್ಳುವ ‘ರಿಪೇರಿ’ ವಿಧಾನವೂ ಕೆಲವು ಚಾರ್ಜರುಗಳಲ್ಲಿದೆ. ಆಗಷ್ಟೇ ಗಟ್ಟಿಯಾಗತೊಡಗಿದ ಹರಳಿಗೆ ಅದರಿಂದ ಸ್ವಲ್ಪ ಲಾಭವಾಗಬಹುದು, ವರ್ಷಗಟ್ಟಲೆ ಬಿದ್ದದ್ದಕ್ಕೆ ಜಾಹೀರಾತು ಹೇಳುವಷ್ಟು ಆಗುವುದಿಲ್ಲ. ಅದರ ವೋಲ್ಟೇಜು ಹೆಚ್ಚಿರುವುದರಿಂದ ಬ್ಯಾಟರಿ ಗಾಡಿಯಲ್ಲಿರುವಾಗ ಹಾಕಿದರೆ ಕಂಪ್ಯೂಟರು ಸುಡುವ ಭಯವೂ ಇದೆ. ಎಪ್ಸಮ್ ಉಪ್ಪು, ಆಸ್ಪಿರಿನ್ ಮಾತ್ರೆ ಹಾಕುವ ಮದ್ದುಗಳನ್ನು ನಂಬುವವರು ಈಗಲೂ ಇದ್ದಾರೆ. ಸತ್ತ ಪ್ಲೇಟಿಗೆ ಅವು ಜೀವ ತರುವುದಿಲ್ಲ.

ಗಾಡಿ ತಕ್ಷಣ ಹೊರಡಲೇಬೇಕಿದ್ದರೆ ಜಂಪರ್ ಕೇಬಲ್ ಇದೆ. ಕಾರಿನ ಎಂಜಿನ್ ಆಫ್ ಇರಬೇಕು. ಚಿಕ್ಕ ಗಾಡಿಗೆ ಕಾರಿನ ಬ್ಯಾಟರಿಯೊಂದೇ ಧಾರಾಳ. ಕೆಂಪು ಕೇಬಲ್ ಸತ್ತದ್ದರ ಪ್ಲಸ್‌ನಿಂದ ಕಾರಿನ ಪ್ಲಸ್‌ಗೆ. ಕಪ್ಪು ಕೇಬಲ್ ಕಾರಿನ ಮೈನಸ್‌ನಿಂದ ಎಟಿವಿಯ ಬಣ್ಣವಿಲ್ಲದ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರ, ಏಕೆಂದರೆ ಕೊನೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ. 24 ವೋಲ್ಟಿನ ಲಾರಿಯಿಂದ ಎಂದಿಗೂ ಜೋಡಿಸಬಾರದು. ಸ್ಟಾರ್ಟ್ ಆಯಿತೆಂದರೆ ಬ್ಯಾಟರಿ ಸರಿಯಾಯಿತೆಂದಲ್ಲ. ಎಟಿವಿಯ ಚಾರ್ಜಿಂಗ್ ಕಾಯಿಲ್ ಬ್ಯಾಟರಿಯನ್ನು ತುಂಬಿದಂತೆ ಉಳಿಸಲು ಇರುವುದು, ಸತ್ತದ್ದನ್ನು ತುಂಬಲು ಅಲ್ಲ. ಐಡಲ್‌ನಲ್ಲಿ ಅದರಿಂದ ಬರುವುದೂ ಅಷ್ಟಕ್ಕಷ್ಟೇ. ಮನೆಗೆ ಬಂದ ಮೇಲೆ ಚಾರ್ಜರ್ ಹಾಕಲೇಬೇಕು.

ಚಾರ್ಜ್ ಮುಗಿಸಿದ ಬ್ಯಾಟರಿಯನ್ನು ಅರ್ಧ ದಿನ ಸುಮ್ಮನೆ ಬಿಟ್ಟು ಮತ್ತೆ ಅಳೆದರೆ ತೀರ್ಪು ಸಿಗುತ್ತದೆ. 12.6 ದಾಟಿ ನಿಂತರೆ ಆಸೆಯಿದೆ. ರಾತ್ರಿ ಕಳೆಯುವುದರೊಳಗೆ 12.2ಕ್ಕೆ ಜಾರಿದರೆ ಇಲ್ಲ. ಆಮೇಲೆ ಗಾಡಿಗೆ ಕೂರಿಸಿ, ಮೀಟರ್ ಹಚ್ಚಿಟ್ಟು, ಸೆಲ್ಫ್ ಹೊಡೆಯುವಾಗ ನೋಡಬೇಕು. ವೋಲ್ಟೇಜು ಇಳಿಯುವುದು ಸಹಜ, 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ದುರ್ಬಲ. ಎಂಜಿನ್ ಓಡುತ್ತಿರುವಾಗ ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ 13.5ರಿಂದ 14.5 ಬರಬೇಕು. ಬಾರದಿದ್ದರೆ ದೋಷ ಚಾರ್ಜಿಂಗ್ ವ್ಯವಸ್ಥೆಯದ್ದು, ಹೊಸ ಬ್ಯಾಟರಿ ಹಾಕಿದರೆ ಅದೂ ಇದೇ ದಾರಿ ಹಿಡಿಯುತ್ತದೆ.

ಬದಲಿಸುವುದೇ ಆದರೆ ಅಳತೆ, ಆಂಪಿಯರ್-ಅವರ್, ಪ್ಲಸ್ ಟರ್ಮಿನಲ್ ಯಾವ ಬದಿಗಿದೆ ಎಂಬುದು ಹಳೆಯದಕ್ಕೆ ಹೊಂದಬೇಕು. ಅಂಗಡಿಯ ಕಪಾಟಿನಲ್ಲಿ ವರ್ಷ ಕಳೆದ ಹೊಸ ಬ್ಯಾಟರಿಗೂ ಇದೇ ಸಲ್ಫೇಟಿನ ಕಾಟವಿರುವುದರಿಂದ ತಯಾರಾದ ತಿಂಗಳು ಕೇಳಿ ಕೊಳ್ಳಬೇಕು. ಆಸಿಡ್ ಬೇರೆ ಬಾಟಲಿಯಲ್ಲಿ ಬರುವ ಮಾದರಿಯಲ್ಲಿ ಆಸಿಡ್ ತುಂಬಿ, ಪ್ಲೇಟು ಹೀರಿಕೊಳ್ಳುವವರೆಗೆ ಬಿಟ್ಟು, ಮೊದಲ ಚಾರ್ಜ್ ಪೂರ್ತಿ ಕೊಡದೆ ಗಾಡಿಗೆ ಹಾಕಿದರೆ ಅದು ಮುಂದೆ ಪೂರ್ಣ ಸಾಮರ್ಥ್ಯಕ್ಕೆ ಬರುವುದು ಅನುಮಾನ. ಸೀಸದ ಬದಲು ಲಿಥಿಯಂ ಬ್ಯಾಟರಿ ಹಾಕಿಸುವವರೂ ಈಗ ಇದ್ದಾರೆ. ಹಗುರ, ಸೋರಿಕೆ ಕಡಿಮೆ. ಆದರೆ ಅದಕ್ಕೆ ಅದರದ್ದೇ ಚಾರ್ಜರ್ ಬೇಕು. ಮೇಲೆ ಹೇಳಿದ ಜೋಡಿ ಬ್ಯಾಟರಿಯ ಉಪಾಯವಾಗಲಿ ‘ರಿಪೇರಿ’ ವಿಧಾನವಾಗಲಿ ಅದಕ್ಕೆ ಸಲ್ಲದು, ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡುವುದೂ ಸಲ್ಲದು.

ಹಳೆಯದನ್ನು ಕೊಟ್ಟರೆ ಅಂಗಡಿಯವರು ಬೆಲೆಯಲ್ಲಿ ಒಂದಿಷ್ಟು ಕಡಿತ ಮಾಡುತ್ತಾರೆ, ಕಾರಣ ಒಳಗಿನ ಸೀಸ ಮತ್ತೆ ಬಳಕೆಗೆ ಬರುತ್ತದೆ. ಭಾರತದಲ್ಲಿ 2001ರ ನಿಯಮಗಳ ಜಾಗಕ್ಕೆ ಬಂದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಬ್ಯಾಟರಿಗಳನ್ನು ಮರಳಿ ಪಡೆದು ಮರುಬಳಕೆಗೆ ಸೇರಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಬಳಕೆದಾರರು ಅದನ್ನು ಮನೆಯ ಕಸದೊಂದಿಗೆ ಬೆರೆಸುವಂತಿಲ್ಲ. ಹಿತ್ತಿಲಲ್ಲಿ ಬ್ಯಾಟರಿ ಒಡೆದು, ಆಸಿಡ್ ಚರಂಡಿಗೆ ಚೆಲ್ಲಿ, ಸೀಸ ಕರಗಿಸುವ ಗುಜರಿ ದಂಧೆಯ ಧೂಳು ಮಕ್ಕಳ ಮಿದುಳಿಗೆ ಮಾಡುವ ಹಾನಿ ಸರಿಯಾಗುವಂಥದ್ದಲ್ಲ. ಜಗತ್ತಿನ ಮೂರರಲ್ಲಿ ಒಂದು ಮಗುವಿನ ರಕ್ತದಲ್ಲಿ ಕಳವಳಪಡುವಷ್ಟು ಸೀಸವಿದೆ ಎಂದು ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳ 2020ರ ವರದಿ ಹೇಳಿತು. ಅದು ಬೊಟ್ಟುಮಾಡಿದ ಮುಖ್ಯ ಮೂಲಗಳಲ್ಲಿ ಹಳೆಯ ಬ್ಯಾಟರಿಗಳ ಅಡ್ಡಾದಿಡ್ಡಿ ಮರುಬಳಕೆಯೂ ಒಂದು.

ಮುಂದಿನ ಸಲ ಗಾಡಿ ನಿಲ್ಲಿಸುವಾಗ ಮಾಡಬೇಕಾದದ್ದು ಹೆಚ್ಚೇನಿಲ್ಲ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಕನಿಷ್ಠ ಮೈನಸ್ ವೈರನ್ನಾದರೂ ಬಿಚ್ಚಿಡಬೇಕು. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಅಳೆದು 12.4ರ ಹತ್ತಿರ ಬಂದಿದ್ದರೆ ಮತ್ತೆ ಚಾರ್ಜರ್ ಹಾಕಬೇಕು. ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಓಡಿಸುವ ಅಭ್ಯಾಸದಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು: ಸ್ಟಾರ್ಟ್ ಮಾಡಲು ಖರ್ಚಾದದ್ದು ಅಷ್ಟರಲ್ಲಿ ಮರಳುವುದಿಲ್ಲ, ಪೂರ್ತಿ ಬಿಸಿಯಾಗದ ಸೈಲೆನ್ಸರಿನಲ್ಲಿ ನೀರೂ ಉಳಿಯುತ್ತದೆ. ಸಿಮೆಂಟು ನೆಲದ ಮೇಲಿಟ್ಟರೆ ಬ್ಯಾಟರಿ ಇಳಿಯುತ್ತದೆಂಬ ಮಾತು ಮರದ, ರಬ್ಬರಿನ ಡಬ್ಬಿಗಳ ಕಾಲದ್ದು. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ನೆಲ ಯಾವುದಾದರೂ ಒಂದೇ, ತಂಪಾಗಿ ಒಣಗಿದ್ದರಾಯಿತು. ಶೆಡ್ಡಿನಲ್ಲಿ ಕರೆಂಟಿದ್ದರೆ 13.2ರಿಂದ 13.6 ವೋಲ್ಟಿನಲ್ಲಿ ಹಿಡಿದಿಡುವ ಮೇಂಟೆನರ್ ಚಾರ್ಜರನ್ನು ಇಡೀ ಋತು ಹಾಗೇ ಬಿಡಬಹುದು. ಕರೆಂಟೇ ಇಲ್ಲದ ತೋಟದ ಶೆಡ್ಡಿಗೆ ಕಂಟ್ರೋಲರ್ ಇರುವ ಚಿಕ್ಕ ಸೌರಫಲಕ ತರಿಸಬಹುದು. ಮಲೆನಾಡಿನ ಆಷಾಢದಲ್ಲಿ ಅದಕ್ಕೆ ಬಿಸಿಲು ಸಿಗುವುದು ಕಷ್ಟವಾದ್ದರಿಂದ ಅಲ್ಲಿ ಬ್ಯಾಟರಿಯನ್ನು ಬಿಚ್ಚಿ ಮನೆಯೊಳಗೆ ತಂದಿಡುವುದೇ ಸುಲಭ.